ಪೈಪ್ ಸಣ್ಣದು ಮಾಡಿದರೆ ಪ್ರೆಷರ್ ಬರುವುದಿಲ್ಲ: ಅಬ್ಬಿ ನೀರಿನ ಲೈನ್ ಬಗ್ಗೆ

ಗುಡ್ಡದ ಅಬ್ಬಿಯಿಂದ (ಒರತೆಯಿಂದ) ತೋಟಕ್ಕೆ ಮೋಟರಿಲ್ಲದೆ ನೀರು ತರುವ ಲೈನಿನ ಬಗ್ಗೆ ನೀವು ಹಾಕಿದ ಪೋಸ್ಟ್, ಅದರ ಫೋಟೋ ನೋಡಿ ಸುಮ್ಮನಿರಲು ಆಗಲಿಲ್ಲ. ಅಬ್ಬಿಯಿಂದ 200 ಮೀಟರ್ 63 ಎಂಎಂ, ಅಲ್ಲಿ ರೆಡ್ಯೂಸರ್ (ದೊಡ್ಡ ಪೈಪಿಗೆ ಸಣ್ಣದನ್ನು ಜೋಡಿಸುವ ತುಂಡು) ಹಾಕಿ ತೋಟದವರೆಗೆ 400 ಮೀಟರ್ 32 ಎಂಎಂ. "ಪ್ರೆಷರ್ ಏರಲಿ ಎಂದು ಸಣ್ಣದು ಮಾಡಿದೆವು, ಆದರೂ ಎಂಟು ಜೆಟ್ (ಸ್ಪ್ರಿಂಕ್ಲರ್) ತಿರುಗುತ್ತಿಲ್ಲ" ಎಂದು ಬರೆದಿದ್ದೀರಿ. ತಿರುಗುವುದೂ ಇಲ್ಲ. ನಮ್ಮ ಮನೆಯ ಹಳೆಯ ಲೈನೂ ಇದೇ ನಂಬಿಕೆಯ ಮೇಲೆ ಹಾಕಿದ್ದಾಗಿತ್ತು. ನಿಮ್ಮ ಪೋಸ್ಟಿನ ಕೆಳಗೆ ಕೆಲವರು ಬೂಸ್ಟರ್ ಮೋಟರ್ ಕೂರಿಸಿ ಎಂದಿದ್ದಾರೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅಬ್ಬಿ ತೋಟಕ್ಕಿಂತ 35 ಮೀಟರ್ ಮೇಲಿದ್ದು ಅಷ್ಟು ಹೆಡ್ (ಎತ್ತರದಿಂದ ಸಿಗುವ ಒತ್ತಡ) ಪುಕ್ಕಟೆ ಇರುವಾಗ ರಾತ್ರಿ ತ್ರೀಫೇಸ್ ಬರುವುದನ್ನು ಕಾಯುವ ಕರ್ಮ ಏಕೆ?

ಹೋಸಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ ಎಂಬುದರಿಂದಲೇ ಈ ತಪ್ಪು ಹುಟ್ಟುವುದು. ಅಲ್ಲಿ ಬೆರಳು ಪ್ರೆಷರ್ ತಯಾರಿಸುವುದಿಲ್ಲ. ಬಾಯಿ ಕಟ್ಟಿದಾಗ ಹರಿವು ಕಡಿಮೆಯಾಗುತ್ತದೆ, ಹರಿವು ಕಡಿಮೆಯಾದರೆ ಹೋಸಿನೊಳಗಿನ ಉಜ್ಜಾಟದಲ್ಲಿ ಕಳೆದುಹೋಗುತ್ತಿದ್ದ ಹೆಡ್ ಉಳಿಯುತ್ತದೆ, ಉಳಿದದ್ದು ಬಾಯಿಯಲ್ಲಿ ವೇಗವಾಗಿ ಹೊರಬರುತ್ತದೆ. ಸಣ್ಣದಾಗಬೇಕಾದದ್ದು ತುದಿ ಮಾತ್ರ, ಆ ಕೆಲಸಕ್ಕೆ ಜೆಟ್ಟಿನ ನಾಝಲ್ ಇದೆ. ನೀವು 400 ಮೀಟರ್ ಉದ್ದದ ಹೆಬ್ಬೆರಳು ಇಟ್ಟಿದ್ದೀರಿ.

ಲೆಕ್ಕ ನೋಡಿ. ತಲಾ ಗಂಟೆಗೆ 450 ಲೀಟರ್ ಕುಡಿಯುವ ಎಂಟು ಜೆಟ್ ಎಂದರೆ ಸೆಕೆಂಡಿಗೆ ಒಂದು ಲೀಟರ್. ಅಷ್ಟು ನೀರು 32 ಎಂಎಂ ಪಿವಿಸಿಯಲ್ಲಿ ಓಡಿದರೆ ಪ್ರತಿ ನೂರು ಮೀಟರಿಗೆ ಸುಮಾರು 10 ಮೀಟರ್ ಹೆಡ್ ತಿನ್ನುತ್ತದೆ. 40 ಎಂಎಂನಲ್ಲಿ 3 ಮೀಟರ್, 50ರಲ್ಲಿ ಒಂದು ಮೀಟರಿಗಿಂತ ಚೂರು ಕಡಿಮೆ, 63ರಲ್ಲಿ ಸುಮಾರು 30 ಸೆಂಟಿಮೀಟರ್. ನಿಮ್ಮ 400 ಮೀಟರಿಗೆ ಬೇಕಾದದ್ದು 40 ಮೀಟರ್ ಹೆಡ್, ಇರುವುದು 35. ಅಂದರೆ ಜೆಟ್ಟಿಗೆ ಏನೂ ಉಳಿಸದೆ ಎಲ್ಲವನ್ನೂ ಪೈಪಿಗೇ ಕೊಟ್ಟರೂ ಆ ನೀರು ಬಾರದು. ಅದೇ ಜಾಗದಲ್ಲಿ 50 ಎಂಎಂ ಹಾಕಿದರೆ ಇಡೀ ಲೈನಿನ ನಷ್ಟ ನಾಲ್ಕೂವರೆ ಮೀಟರ್ ಒಳಗೆ ಮುಗಿದು ಜೆಟ್ಟಿನ ಬುಡದಲ್ಲಿ 3 ಕೆಜಿ ಪ್ರೆಷರ್ (30 ಮೀಟರ್ ಹೆಡ್) ಉಳಿಯುತ್ತದೆ. ಇವೆಲ್ಲ ಪಿವಿಸಿಯ ಅಂಕಿ. ಫೋಟೋದಲ್ಲಿರುವುದು ಕಪ್ಪು ರೋಲ್ ಪೈಪ್. ಎರಡರಲ್ಲೂ 32 ಎಂಬುದು ಹೊರವ್ಯಾಸದ ಅಳತೆ, ಆದರೆ ರೋಲ್ ಪೈಪಿನ ಗೋಡೆ ಹೆಚ್ಚು ದಪ್ಪ, ಒಳಗಿನ ತೂತು ಇನ್ನೂ ಚಿಕ್ಕದು, ನಷ್ಟ ಇನ್ನೂ ಹೆಚ್ಚು.

"ಆದರೆ ಗೇಜ್ ಮೂರೂವರೆ ತೋರಿಸುತ್ತದೆ" ಎಂದೂ ಬರೆದಿದ್ದೀರಿ. ವಾಲ್ವ್ ಮುಚ್ಚಿ ನೋಡಿದರೆ ತೋರಿಸದೆ ಇನ್ನೇನು ಮಾಡುತ್ತದೆ? ನಿಂತ ನೀರಿಗೆ ಪೈಪ್ ದಪ್ಪವೋ ಸಣ್ಣವೋ ಗೊತ್ತಾಗುವುದಿಲ್ಲ, ಎತ್ತರ ಮಾತ್ರ ಗೊತ್ತು. ಅರ್ಧ ಇಂಚಿನ ಪೈಪಿನಲ್ಲೂ ಅಷ್ಟೇ ತೋರಿಸುತ್ತದೆ. ಎಲ್ಲ ಜೆಟ್ ತೆರೆದು ಮುಳ್ಳು ಎಲ್ಲಿಗೆ ಇಳಿಯುತ್ತದೆ ನೋಡಿ. ಮುಚ್ಚಿದಾಗಿನ ಅಂಕಿ ಎತ್ತರ, ತೆರೆದಾಗಿನ ಅಂಕಿ ನಿಮ್ಮ ಕೈಗೆ ಸಿಕ್ಕಿದ್ದು, ನಡುವಿನದು ಪೈಪ್ ತಿಂದದ್ದು. ಎತ್ತರ ಅಳೆಯಲೂ ನನಗೆ ಇದೇ ದಾರಿ. ಲೈನ್ ತುಂಬಿಸಿ, ಕೆಳಗೆ ಮುಚ್ಚಿ, ಗೇಜ್ ಓದುತ್ತೇನೆ, ಒಂದು ಕೆಜಿಗೆ ಹತ್ತು ಮೀಟರ್. ಮೊಬೈಲಿನ ಆಲ್ಟಿಟ್ಯೂಡ್ ಆ್ಯಪ್ ನಂಬಿ ಪೈಪ್ ಕೊಳ್ಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಮರದ ನೆರಳಿನಲ್ಲಿ ಅದು ಹತ್ತಾರು ಮೀಟರ್ ಆಚೀಚೆ ಹೇಳುತ್ತದೆ. ಗೇಜ್ ಕೊಳ್ಳುವಾಗ ಗ್ಲಿಸರಿನ್ ತುಂಬಿದ, 0ಯಿಂದ 7 ಕೆಜಿಯ ಡಯಲ್ ಕೇಳಿ. ಅಂಗಡಿಯವರು 21 ಕೆಜಿಯದ್ದು ಕೊಟ್ಟರೆ ಅರ್ಧ ಕೆಜಿ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಒಳಗೆ ಇರುವುದು ಬಾಗಿದ ಹಿತ್ತಾಳೆ ನಳಿಗೆ, ಫ್ರಾನ್ಸಿನ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ, ಇಂದಿಗೂ ಹೆಚ್ಚು ಬದಲಾಗಿಲ್ಲ.

ಪೈಪ್ ಬದಲಿಸುವ ಮೊದಲು ನಿಮ್ಮ ಎರಡನೇ ಫೋಟೋದಲ್ಲಿ ಪೈಪ್ ಹತ್ತಿ ಇಳಿಯುವ ದಿಣ್ಣೆ ನೋಡಿಕೊಳ್ಳಿ, ಅಂಥ ಕಡೆ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ. ನಮ್ಮ ಊರಿನ ಒಂದು ತೋಟದಲ್ಲಿ ಹೊಸ ಲೈನ್ ಎಳೆದು ಎರಡು ವಾರವಾದರೂ ಕೆಳಗೆ ಹನಿ ನೀರಿಲ್ಲ. ಮೇಲೆ ಅಬ್ಬಿಯ ಗುಂಡಿ ತುಂಬಿ ತುಳುಕುತ್ತಿದೆ. ಕಸ ಕಟ್ಟಿದೆ ಎಂದು ಜಾಯಿಂಟ್ ಕೊಯ್ದರು, ಹೆಗ್ಗಣ ಕಡಿದಿದೆ ಎಂದು ಮಣ್ಣು ಅಗೆದರು, ಕೊನೆಗೆ ಪೇಟೆಯಿಂದ ಕಂಪ್ರೆಸರ್ ತಂದು ಊದಿಸಿದರು. ಊದಿಸಿದರೆ ಗಾಳಿ ಇನ್ನಷ್ಟು ತುಂಬುತ್ತದೆ ಎಂದು ಹೇಳಿದವನನ್ನು ಯಾರೂ ಕೇಳಲಿಲ್ಲ. ಮೂಲಕ್ಕೂ ತೋಟಕ್ಕೂ ಇದ್ದ ವ್ಯತ್ಯಾಸ 11 ಮೀಟರ್. ದಾರಿಯಲ್ಲಿ ಮೂರು ದಿಣ್ಣೆ, ಒಂದೊಂದರ ಆಚೆಯ ಇಳಿಜಾರಿನಲ್ಲೂ ಸುಮಾರು 4 ಮೀಟರ್ ಎತ್ತರಕ್ಕೆ ಗಾಳಿ ಕೂತಿತ್ತು. ನೀರಿನ ಮುಂದೆ ಗಾಳಿಗೆ ಭಾರವೇ ಇಲ್ಲವೆನ್ನಬಹುದು, ಆದ್ದರಿಂದ ಆ ಇಳಿಜಾರುಗಳಿಂದ ನೀರಿಗೆ ಸಿಗಬೇಕಾದ ದೂಡುವಿಕೆ ಸಿಗುವುದಿಲ್ಲ, ಮುಂದಿನ ಏರು ಮಾತ್ರ ಹತ್ತಲೇಬೇಕು. ಮೂರು ನಾಲ್ಕಲೆ ಹನ್ನೆರಡು. ಹನ್ನೊಂದಿರುವ ಕಡೆ ಹನ್ನೆರಡು ಎಲ್ಲಿಂದ ಬರಬೇಕು? ಕೊನೆಗೆ ಮೇಲಿನ ದಿಣ್ಣೆಯ ನೆತ್ತಿಗೆ ಸ್ಯಾಡಲ್ ಕ್ಲ್ಯಾಂಪ್ (ಪೈಪನ್ನು ಸುತ್ತಿ ಹಿಡಿಯುವ ಪಟ್ಟಿ) ಬಿಗಿದು, ಪೈಪಿಗೆ ತೂತು ಹೊಡೆದು ಅರ್ಧ ಇಂಚಿನ ನಲ್ಲಿ ಕೂರಿಸಿ ತೆರೆದರು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ಕೆಮ್ಮಿದಂತೆ ಕೆಂಪು ನೀರು, ನಂತರ ತಿಳಿನೀರು. ಅದನ್ನು ಮುಚ್ಚಿ ಮುಂದಿನ ದಿಣ್ಣೆಗೆ ಹೋದರು. ಮೂರನೆಯದು ಮುಗಿಯುವ ಹೊತ್ತಿಗೆ ಕೆಳಗಿನ ಜೆಟ್ ತಿರುಗುತ್ತಿತ್ತು.

ನಲ್ಲಿ ಸಾಕು, ಆದರೆ ಪ್ರತಿ ಸಲ ಲೈನ್ ಖಾಲಿಯಾದಾಗ ಹೋಗಿ ತೆರೆಯಬೇಕು. ಸೋಮಾರಿಗಳು ತಾನಾಗಿ ಗಾಳಿ ಬಿಡುವ ಏರ್ ವಾಲ್ವ್ ಹಾಕಬಹುದು. ಅದಕ್ಕೂ ಒಂದು ಷರತ್ತು ಇದೆ: ನೀರು ಓಡುತ್ತಿರುವಾಗ ನೆತ್ತಿಯ ನಲ್ಲಿ ತೆರೆದರೆ ಹೊರಕ್ಕೆ ಉಗುಳಬೇಕು. ಒಳಕ್ಕೆ ಎಳೆದುಕೊಂಡರೆ ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇದೆ ಎಂದರ್ಥ, ಏರ್ ವಾಲ್ವ್ ಅಲ್ಲಿ ಹಾಕಿದರೆ ಲೈನಿಗೆ ಗಾಳಿ ಕುಡಿಸುತ್ತದೆ. ನೆತ್ತಿ ಮೂಲದ ನೀರಿನ ಮಟ್ಟಕ್ಕಿಂತಲೂ ಮೇಲಿದ್ದರೆ ಅದು ಪಕ್ಕಾ ಸೈಫನ್, ಅಂದರೆ ಆಚೆ ಇಳಿಯುವ ನೀರೇ ಹಿಂದಿನ ನೀರನ್ನು ಏರು ಹತ್ತಿಸಿ ಎಳೆದುಕೊಳ್ಳುವ ಪೈಪ್. ಸಮುದ್ರಮಟ್ಟದಿಂದ ನಮ್ಮ ಊರಿರುವ ಎತ್ತರದಲ್ಲಿ ಪುಸ್ತಕದ ಲೆಕ್ಕಕ್ಕೆ ಒಂಬತ್ತೂವರೆ ಮೀಟರ್ ಎತ್ತಬಹುದು, ತೋಟದ ಜಾಯಿಂಟುಗಳನ್ನು ನಂಬಿದರೆ ಐದಾರಕ್ಕೆ ನಿಲ್ಲಿಸಿ. ಸೈಫನ್ ಎಂದಾಗ ನಮ್ಮ ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ನೆನಪಾಗುತ್ತಾರೆ. ಜಲಾಶಯ ತುಂಬಿದಾಗ ತಾನಾಗಿ ಹೊರಡುವ, ಇಳಿದಾಗ ತಾನಾಗಿ ನಿಲ್ಲುವ ಅವರ ಸೈಫನ್‌ಗಳು ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯಲ್ಲಿವೆ. ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇವೆ, ಆದರೆ ಅದು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ, ನೀರು ತೀರಾ ಇಳಿದ ಬೇಸಿಗೆಯಲ್ಲಿ ಹೋದರೆ ಕಾಣಿಸುತ್ತವೆ. ಗೇಟಿಲ್ಲ, ಮೋಟರಿಲ್ಲ.

ಬಾಲ್ ವಾಲ್ವ್ ಬಗ್ಗೆ. ಲೈನಿನ ತುದಿಯಲ್ಲಿ ಟಪ್ಪೆಂದು ತಿರುಗಿಸಿ ಮುಚ್ಚುವವರಿದ್ದಾರೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರನ್ನು ಪಿವಿಸಿಯಲ್ಲಿ ಒಮ್ಮೆಲೇ ನಿಲ್ಲಿಸಿದರೆ 30ರಿಂದ 45 ಮೀಟರ್ ಹೆಡ್ಡಿನಷ್ಟು ಹೊಡೆತ ಬೀಳುತ್ತದೆ, ಅದು ನಿಮ್ಮ 35ರ ಮೇಲೆ ಸೇರುತ್ತದೆ. 4 ಕೆಜಿ ಪ್ರೆಷರ್ ಮಾತ್ರ ತಾಳುವ ಪೈಪ್ ಬೆಲೆ ಕಡಿಮೆ ಎಂದು ತಂದವರ ಜಾಯಿಂಟ್ ಬಿಚ್ಚುವುದು ಹೀಗೆ. ಮುಖ್ಯ ಲೈನಿಗೆ ಗೇಟ್ ವಾಲ್ವ್ ಹಾಕಿ, ನಿಧಾನ ತಿರುಗಿಸಿ. ಕೆಳಗಿನ ಅರ್ಧಕ್ಕಾದರೂ 6 ಕೆಜಿ ಪೈಪ್ ಇರಲಿ. ಫಿನೋಲೆಕ್ಸ್ ಅಥವಾ ಸುಪ್ರೀಂ ನನ್ನ ಆಯ್ಕೆ, ಬೇರೆಯದು ಕೆಟ್ಟದೆಂದು ಹೇಳುತ್ತಿಲ್ಲ. ಆದರೆ ಐಎಸ್ಐ ಮುದ್ರೆ ಇಲ್ಲದೆ ಬಿಳಿ ಬಣ್ಣದಲ್ಲಿ "6 ಕೆಜಿ" ಎಂದು ಬರೆದ ಕಪ್ಪು ರೋಲುಗಳನ್ನು ಮನೆ ಬಾಗಿಲಿಗೆ ತಂದು ಕೊಟ್ಟರೂ ಬೇಡ.

ಇದೇ ಹೊಡೆತವನ್ನು ಕೆಲಸಕ್ಕೆ ಹಚ್ಚಿದ್ದು ಹೈಡ್ರಾಲಿಕ್ ರ‍್ಯಾಮ್. ಬೀಳುವ ನೀರಿನ ಬಲದಿಂದಲೇ ಅದರಲ್ಲಿ ಸ್ವಲ್ಪವನ್ನು ಮೇಲಕ್ಕೆತ್ತುವ ಈ ಪಂಪ್, ಬಲೂನು ಹಾರಿಸಿದ ಫ್ರಾನ್ಸಿನ ಮೊಂಗೋಲ್ಫಿಯೇ 1796ರಲ್ಲಿ ಮಾಡಿದ್ದು. ಮನೆ ಗುಡ್ಡದ ಮೇಲಿದೆ, ಹಳ್ಳ ಕೆಳಗಿದೆ ಎಂದು ನಿಮ್ಮ ಪೋಸ್ಟಿನ ಕೆಳಗೆ ಇನ್ನೊಬ್ಬರು ಕೇಳಿದ್ದಾರಲ್ಲ, ಅವರಿಗೆ ಹೇಳುವುದು: ನಿಮಿಷಕ್ಕೆ 60 ಲೀಟರ್ ನೀರು 3 ಮೀಟರ್ ಬಿದ್ದರೆ, 30 ಮೀಟರ್ ಮೇಲಕ್ಕೆ ನಿಮಿಷಕ್ಕೆ ಮೂರೂವರೆ ಲೀಟರ್ ಏರುತ್ತದೆ, ದಿನಕ್ಕೆ 5,000 ಲೀಟರ್, ಕರೆಂಟಿಲ್ಲದೆ. ಉಳಿದ ನೀರು ಹಳ್ಳಕ್ಕೇ ವಾಪಸು. ನೀರು ಬೀಳುವ ಪೈಪ್ ಮಾತ್ರ ಜಿಐ (ಕಬ್ಬಿಣದ್ದು) ಆಗಿರಲೇಬೇಕು. ಪಿವಿಸಿ ಹಿಗ್ಗಿ ಹೊಡೆತವನ್ನು ನುಂಗಿಬಿಡುತ್ತದೆ. ಈ ಪಂಪಿನ ಗಾಳಿಕೋಣೆಯ ಕೆಳಗಿನ ಸೂಜಿತೂತನ್ನು "ಲೀಕ್" ಎಂದು ಎಂಸೀಲ್ ಮೆತ್ತಿ ಮುಚ್ಚಬೇಡಿ. ಒಳಗಿನ ಗಾಳಿ ನೀರಿನಲ್ಲಿ ಕರಗಿ ಖಾಲಿಯಾಗುತ್ತಿರುತ್ತದೆ, ಅದನ್ನು ತುಂಬುವುದು ಆ ತೂತೇ.

ತೆಗೆದ 32 ಎಂಎಂ ಪೈಪನ್ನು ಮಾರಬೇಡಿ. ತೋಟದೊಳಗೆ ಎರಡೆರಡು ಜೆಟ್ಟಿನ ಸಬ್‌ಲೈನಿಗೆ ಅದೇ ಸರಿ, ಅಷ್ಟು ಕಡಿಮೆ ನೀರಿಗೆ ನಷ್ಟ ಲೆಕ್ಕಕ್ಕೇ ಇಲ್ಲ. 50 ಎಂಎಂ ಒಂದೇ ಸಲ ಕೊಳ್ಳಲು ಆಗದಿದ್ದರೆ ಈ ವರ್ಷ 200 ಮೀಟರ್ ಬದಲಿಸಿ, ಅಲ್ಲಿಯವರೆಗೆ ನಾಲ್ಕೇ ಜೆಟ್ ತೆರೆದು ಪಾಳಿಯಲ್ಲಿ ಬಿಡಿ. ನಾಲ್ಕು ಇವತ್ತೇ ತಿರುಗುತ್ತವೆ, ಗೇಟ್ ವಾಲ್ವ್ ಹಾಕಿ, ಮುಚ್ಚಿದಾಗ ಮತ್ತು ತೆರೆದಾಗ ಗೇಜ್ ತೋರಿಸುವ ಎರಡೂ ಅಂಕಿ ಇಲ್ಲಿ ಬರೆಯಿರಿ.