ಅಷ್ಟು ನೆಲಬಾಂಬ್ ಹೂತೂ ಜರ್ಮನ್ನರು ಸೋತದ್ದೇಕೆ?

ಪ್ರಶ್ನೆ: ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ಜರ್ಮನ್ನರು ಲಕ್ಷಗಟ್ಟಲೆ ಟ್ಯಾಂಕ್ ನಿರೋಧಕ ನೆಲಬಾಂಬ್ ಹೂತಿದ್ದರಂತೆ. ಆದರೂ ಸೋತರಲ್ಲ! ಅಷ್ಟೊಂದು ಹೂತು ಅವರಿಗೆ ಸಿಕ್ಕಿದ್ದೇನು?

ಉತ್ತರ: ಸಿಕ್ಕಿದ್ದು ಕಾಲಾವಕಾಶ. 1942ರ ಅಕ್ಟೋಬರ್ 23ರ ರಾತ್ರಿ ದಾಳಿ ಶುರುವಾದಾಗ, ಬೆಳಕು ಹರಿಯುವಷ್ಟರಲ್ಲಿ ತನ್ನ ಟ್ಯಾಂಕುಗಳು ಆ ಬಯಲು ದಾಟಿರಬೇಕು ಎಂಬುದು ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿಯ ಲೆಕ್ಕ. ಲಡಾಯಿ ನವೆಂಬರ್ 4ರವರೆಗೂ ಎಳೆಯಿತು. ಜರ್ಮನ್ ಸೇನಾಪತಿ ರೊಮೆಲ್ ಬಳಿ ಟ್ಯಾಂಕೂ ಕಡಿಮೆ, ಪೆಟ್ರೋಲೂ ಕಡಿಮೆ. ಆ ಕೊರತೆ ನೀಗಿಸಲೆಂದೇ ಮರಳಿನಡಿ ಸುಮಾರು 4.45 ಲಕ್ಷ ನೆಲಬಾಂಬ್ ಹೂಳಿಸಿದ. ಬಹುಪಾಲು ಟ್ಯಾಂಕಿಗೆಂದೇ ಇಟ್ಟವು. ಬ್ರಿಟಿಷರಿಂದ ಕಿತ್ತುಕೊಂಡವೂ ಅದರಲ್ಲಿ ಸಾಕಷ್ಟಿದ್ದವು.

ಜರ್ಮನ್ನರ ಮುಖ್ಯ ನೆಲಬಾಂಬ್ ಟೆಲ್ಲರ್ ಮೈನ್. ಊಟದ ತಟ್ಟೆಯಷ್ಟು ಅಗಲದ ದುಂಡನೆಯ ಲೋಹದ ಡಬ್ಬಿ, ಒಳಗೆ ಐದೂವರೆ ಕಿಲೋ ಟಿಎನ್‌ಟಿ. ಮನುಷ್ಯ ನಡೆದುಹೋದರೆ ಸಾಮಾನ್ಯವಾಗಿ ಸಿಡಿಯುತ್ತಿರಲಿಲ್ಲ, ವಾಹನದ ಭಾರವೇ ಬೀಳಬೇಕಿತ್ತು. ಸಿಡಿದರೆ ಟ್ಯಾಂಕಿನ ಚೈನು ಹರಿದು ಗಾಲಿ ಮುರಿಯುತ್ತಿತ್ತು. ಒಳಗಿದ್ದವರು ಎಷ್ಟೋ ಸಲ ಬದುಕಿಕೊಳ್ಳುತ್ತಿದ್ದರು. ಆದರೆ ನಿಂತ ಟ್ಯಾಂಕ್ ಎಂದರೆ ದೂರದಲ್ಲಿ ಹೊಂಚುಹಾಕಿದ್ದ 88 ಮಿ.ಮೀ. ತೋಪಿಗೆ ಸುಲಭದ ಗುರಿ. ನಿಲ್ಲಿಸುವುದು ಮೈನು, ಹೊಡೆಯುವುದು ತೋಪು. ಈ ಜೋಡಿಯೇ ರಕ್ಷಣೆಯ ಜೀವಾಳ.

ಹಾದಿ ಬಿಡಿಸುವ ಕೆಲಸ ಸ್ಯಾಪರ್‌ಗಳದು, ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕರದು. ಅವರ ಧೈರ್ಯಕ್ಕೆ ಇತಿಹಾಸದಲ್ಲಿ ಇನ್ನೂ ಹೆಚ್ಚು ಜಾಗ ಸಿಗಬೇಕಿತ್ತು. ಪೋಲೆಂಡಿನ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕ ಯಂತ್ರ ಕೆಲವರ ಕೈಲಿತ್ತು. ಉಳಿದವರು ಬಗ್ಗಿ, ಬಯೋನೆಟ್ಟನ್ನು ಓರೆಯಾಗಿ ಮರಳಿಗೆ ಚುಚ್ಚುತ್ತಾ, ಲೋಹ ತಾಕಿದಲ್ಲಿ ಬೆರಳಿಂದ ಮಣ್ಣು ಸರಿಸುತ್ತಿದ್ದರು. ಕೆಲವು ಮೈನುಗಳಿಗೆ, ಎತ್ತಿದರೆ ಸಿಡಿಯುವ ಹಾಗೆ ಜರ್ಮನ್ನರು ಪಕ್ಕದಲ್ಲೋ ಅಡಿಯಲ್ಲೋ ಸಿಡಿಸುವ ಇನ್ನೊಂದು ಕೀಲು ಇಟ್ಟಿರುತ್ತಿದ್ದರು. ಇದೆಲ್ಲ ರಾತ್ರಿಯಲ್ಲಿ, ಗುಂಡಿನ ಸುರಿಮಳೆಯ ನಡುವೆ. ತೆರವಾದ ಹಾದಿಯ ಎರಡೂ ಅಂಚಿಗೆ ಬಿಳಿ ಟೇಪು. ಆ ಇಕ್ಕಟ್ಟಿನಲ್ಲಿ, ದಟ್ಟ ಧೂಳಿನಲ್ಲಿ ಟ್ಯಾಂಕುಗಳು ಒಂದರ ಹಿಂದೊಂದು ಸಿಕ್ಕಿಕೊಂಡವು. ಶೋಧಕ ಯಂತ್ರವನ್ನು ವಂಚಿಸಲು ಜರ್ಮನ್ನರು ಯುದ್ಧದಲ್ಲಿ ಮುಂದೆ ಮರದ, ಗಾಜಿನ ಮೈನುಗಳನ್ನೂ ತಂದರು.

ಮತ್ತೆ ಸೋತದ್ದೇಕೆ? ಮೈನು ಬೆನ್ನಟ್ಟಿ ಹೋಗಲಾರದು. ಅದು ಗಳಿಸಿಕೊಟ್ಟ ದಿನಗಳಲ್ಲಿ ಪೆಟ್ರೋಲು, ಹೊಸ ಟ್ಯಾಂಕು, ಮದ್ದುಗುಂಡು ಬಂದಿದ್ದರೆ ರೊಮೆಲ್ ತಿರುಗಿ ಹೊಡೆಯಬಹುದಿತ್ತು. ಅವನಿಗೆ ಬರಬೇಕಿದ್ದ ತೈಲದ ಹಡಗುಗಳು ಮೆಡಿಟರೇನಿಯನ್ ಸಮುದ್ರದಲ್ಲೇ ಮುಳುಗಿದವು.