ಬೂದು ಡಾರ್ಟ್‌ಗೆ ಕೆಂಪು ಬಣ್ಣ ಯಾಕೆ?

ಡೆಟ್ರಾಯ್ಟ್ ಹತ್ತಿರ ಇರುವ ಓದುಗರೊಬ್ಬರ ಪತ್ರ: "ಹಳೇ ಡ್ರ್ಯಾಗ್ ರೇಸ್ (ನೇರ ದಾರಿಯ ಕಿರು ಓಟ) ಕಾರುಗಳ ಪ್ರದರ್ಶನದಲ್ಲಿ 1968ರ ಡಾಡ್ಜ್ ಹೆಮಿ ಡಾರ್ಟ್ ನೋಡಿದೆ. ಮೈಯೆಲ್ಲ ಬಣ್ಣಕ್ಕೆ ಮುಂಚೆ ಬಳಿಯುವ ಬೂದು ಪ್ರೈಮರ್, ಮುಂಭಾಗ ಕಪ್ಪು. ಫ್ಯಾಕ್ಟರಿಯಿಂದ ಬಂದದ್ದೇ ಹೀಗೆ ಅಂತ ಮಾಲೀಕರಿಗೆ ಹೆಮ್ಮೆ. ಅಷ್ಟು ದುಡ್ಡಿನ ಕಾರಿಗೆ ಒಂದು ಕೋಟ್ ಕೆಂಪು ಹೊಡೆಸಿದರೆ ಏನು ನಷ್ಟ?"

ಅಲ್ಲ ಸ್ವಾಮಿ, ಇಷ್ಟು ಗಮನವಿಟ್ಟು ನೋಡಿ, ಇಷ್ಟು ಚೆನ್ನಾಗಿ ಬರೆದು, ಕೊನೆಗೆ ಕೆಂಪು ಬಣ್ಣಕ್ಕೆ ಬಂದು ನಿಂತಿರಲ್ಲ!

ನಿಮ್ಮ ಮಾತಲ್ಲೂ ನ್ಯಾಯ ಇದೆ, ಒಪ್ಪಿದೆ. ಆ ಕಾಲದಲ್ಲಿ ಕೊಂಡವರು ತಮಗೆ ಬೇಕಾದ ಬಣ್ಣ ಹೊಡೆಸಿ, ಬಾಗಿಲ ಮೇಲೆ ಹೆಸರು ಬರೆಸಿಯೇ ರೇಸಿಗೆ ಇಳಿಸುತ್ತಿದ್ದರು. ಅಂಥ ಹಳೇ ಬಣ್ಣ ಉಳಿದಿದ್ದರೆ ಕೆರೆಯುವುದು ಬೇಡ. ಈಗಲೂ ಓಡಿಸುವವರು ರೋಲ್ ಕೇಜ್ (ಕಾರು ಮಗುಚಿದರೆ ಕಾಯುವ ಪಂಜರ) ಹಾಕಿಸಲಿ, ಜೀವ ಮುಖ್ಯ.

ಆದರೆ ಆ ಕಾರು ಹುಟ್ಟಿದ ರೀತಿ ನೋಡಿ. ಡಾಡ್ಜ್‌ನ ಒಡೆಯರಾದ ಕ್ರೈಸ್ಲರ್ ಕಂಪನಿ, ಹರ್ಸ್ಟ್ ಅನ್ನುವ ಬಿಡಿಭಾಗದ ಕಂಪನಿಯವರ ಕೈಲಿ, ತನ್ನ ಭಾರೀ ಹೆಮಿ ಇಂಜಿನ್ ಕೂರಿಸಿ ಇಂಥವನ್ನು ಮಾಡಿಸಿದ್ದು ಸುಮಾರು 80 ಮಾತ್ರ. ಕಾಲು ಮೈಲಿ, ಅಂದರೆ 402 ಮೀಟರ್ ಓಡಲಿಕ್ಕಷ್ಟೇ. ಭಾರ ಇಳಿಸಲು ಬಾನೆಟ್, ಮುಂದಿನ ಫೆಂಡರ್ ಕಪ್ಪು ಫೈಬರ್‌ನವು. ಆ ಕಪ್ಪು ಬಂದದ್ದೇ ಅದರಿಂದ. ಬಾಗಿಲ ತಗಡನ್ನು ಆಸಿಡ್‌ನಲ್ಲಿ ಅದ್ದಿ ತೆಳ್ಳಗೆ ಮಾಡಿದರು. ಕಿಟಕಿಗೆ ಹ್ಯಾಂಡಲ್ಲೇ ಇಲ್ಲ, ಪಟ್ಟಿ ಹಿಡಿದು ಗಾಜನ್ನು ಮೇಲಕ್ಕೆ ಎಳೀಬೇಕು. ಹೀಟರ್ ಇಲ್ಲ, ರೇಡಿಯೋ ಇಲ್ಲ, ಹಿಂದಿನ ಸೀಟೂ ಇಲ್ಲ. ಮುಂದಿನ ಸೀಟು ಕಂಪನಿಯ ವ್ಯಾನಿನದು. ಹಿಂದಿನ ಚಕ್ರದ ಮೇಲೆ ಭಾರ ಬೀಳಲಿ ಅಂತ ಬ್ಯಾಟರಿಯನ್ನು ಡಿಕ್ಕಿಗೆ ಹಾಕಿದರು. ದಪ್ಪ ಟೈರು ಹಿಡಿಸಲು ಚಕ್ರದ ಮೇಲಿನ ತಗಡನ್ನೇ ಕತ್ತರಿಸಿದರು. ಕೊಂಡವರೇ ಹೊಡೆಸಿಕೊಳ್ಳಲಿ ಅಂತ ಬಣ್ಣದ ಗೋಜಿಗೇ ಹೋಗಲಿಲ್ಲ. ಆ ಬೂದು ಮೈ ನೋಡಿದ ಕೂಡಲೇ ಇದು ಸಂಸಾರಸ್ಥರ ಕಾರಲ್ಲ ಅಂತ ಗೊತ್ತಾಗುತ್ತೆ. ಕೆಂಪು ಹೊಡೆದರೆ ಅದು ಬೀದೀಲಿ ಹೋಗುವ ಇನ್ನೊಂದು ಡಾರ್ಟ್, ಅಷ್ಟೇ ಅಲ್ವಾ?

ಇಂಥದ್ದೇ ಇನ್ನೊಂದು ಡ್ರ್ಯಾಗ್ ಕಾರು 1964ರ ಫೋರ್ಡ್ ಥಂಡರ್‌ಬೋಲ್ಟ್. ಅದಕ್ಕೆ ಮುಂದೆ ಇರಬೇಕಾದ ನಾಲ್ಕು ದೀಪಗಳಲ್ಲಿ ಒಳಗಿನ ಎರಡು ಇಲ್ಲ. ಆ ಜಾಗದಿಂದ ದೊಡ್ಡ ಕೊಳವೆಗಳಲ್ಲಿ ಇಂಜಿನ್‌ಗೆ ಗಾಳಿ ಹೋಗುತ್ತೆ. ಯಾರೋ ಪುಣ್ಯಾತ್ಮರು "ಪಾಪ, ಲೈಟ್ ಬಿದ್ದುಹೋಗಿದೆ" ಅಂತ ಹೊಸದು ಕೂರಿಸಿದರೆ ಹೇಗಿರುತ್ತೆ ಹೇಳಿ!

ನನಗೆ ಸಿಟ್ಟು ಬರುವುದು ಈ ಹೊಳಪಿನ ಹುಚ್ಚು ಕಂಡಾಗ. ಫ್ಯಾಕ್ಟರಿಯವರು ಅವಸರದಲ್ಲಿ ಬಿಟ್ಟ ವೆಲ್ಡಿಂಗ್ ಗುರುತು, ಸೀಮೆಸುಣ್ಣದ ಗೀಟು, ಕಾರಿನ ಅಡಿಭಾಗಕ್ಕೆ ಸಿಡಿದ ಬಣ್ಣ ಎಲ್ಲ ಒರೆಸಿ ಕನ್ನಡಿ ಮಾಡುತ್ತಾರೆ. ನಮ್ಮಲ್ಲೂ ಇದೇ ಕಥೆ. ಬೆಂಗಳೂರಿನ ಹಳೇ ಕಾರುಗಳ ರ್‍ಯಾಲಿಯಲ್ಲಿ ಪ್ರೀಮಿಯರ್ ಪದ್ಮಿನಿಗೆ ಅಲಾಯ್ ವೀಲ್ ಕಂಡರೆ ನಾನು ಆಚೆ ತಿರುಗಿಬಿಡುತ್ತೇನೆ. ಗೆಳೆಯರೊಬ್ಬರ ಪದ್ಮಿನಿಯ ಮೂಲ ವೀಲ್ ಕ್ಯಾಪುಗಳನ್ನು ಗ್ಯಾರೇಜಿನವರು ಕೇಳದೇ ಗುಜರಿಗೆ ಹಾಕಿದರು. "ಹೊಸದು ಜಾಸ್ತಿ ಮಿಂಚುತ್ತೆ ಸಾರ್" ಅಂತ ಸಮಾಧಾನ ಬೇರೆ.

ಇನ್ನೊಂದು ವಿಷಯ. ಸಾದಾ ಡಾರ್ಟ್ ತಂದು, ಹೆಮಿ ಇಂಜಿನ್ ಕೂರಿಸಿ, ಬೂದು ಬಳಿದು ನಿಲ್ಲಿಸುವವರೂ ಇದ್ದಾರೆ. ಮುಂದಿನ ಸಲ ಇಂಥದ್ದು ಕಂಡರೆ ಗಾಜಿನಾಚೆಯಿಂದ ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿರುವ ಕಾರಿನ ಗುರುತಿನ ನಂಬರ್ ಓದಿ. ಎಲ್ಒ23 (LO23) ಅಂತ ಶುರುವಾಗದಿದ್ದರೆ ಅದು ಆ 80ರಲ್ಲಿ ಒಂದಲ್ಲ, ಮಾಲೀಕರು ಏನೇ ಹೇಳಲಿ.