ಒಂಬತ್ತು ಒಂದುಗಳ ವರ್ಗ

ಪ್ರಶ್ನೆ: ಮೊನ್ನೆ ಮಳೆಗೆ ಕರೆಂಟ್ ಹೋಗಿದ್ದಾಗ, ಏಳನೇ ತರಗತಿಯಲ್ಲಿರುವ ನನ್ನ ಮಗಳು 111111111ನ್ನು ಅದರಿಂದಲೇ ಗುಣಿಸಿ 12345678987654321 ಎಂಬ ಉತ್ತರ ತೆಗೆದಳು. ಕರೆಂಟ್ ಬಂದ ಮೇಲೆ ಕಂಪ್ಯೂಟರಿನಲ್ಲಿ ತಾಳೆ ನೋಡಿದರೆ ಕೊನೆಯ ಅಂಕಿ 1ರ ಬದಲು 0 ಎಂದು ಬಂತು. ಯಾವುದು ಸರಿ? ಅಂಕಿಗಳು ಹೀಗೆ ಏರಿ ಇಳಿಯುವುದೇಕೆ? ಎಡದಿಂದಲೂ ಬಲದಿಂದಲೂ ಒಂದೇ ಆಗಿರುವ ಇಂಥ ಪಾಲಿಂಡ್ರೋಮ್ ಸಂಖ್ಯೆಗಳೆಲ್ಲ 11ರಿಂದ ಭಾಗವಾಗುತ್ತವೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗಳ ಉತ್ತರವೇ ಸರಿ. ಎರಡು ಬೆಸಸಂಖ್ಯೆಗಳ ಗುಣಲಬ್ಧ ಬೆಸವೇ ಆಗಬೇಕಾದುದರಿಂದ, ಕೊನೆಯಲ್ಲಿ 0 ಬರಲು ಸಾಧ್ಯವೇ ಇಲ್ಲ. ಅನೇಕ ಪ್ರೋಗ್ರಾಮುಗಳು ಸಂಖ್ಯೆಯನ್ನು 53 ಬಿಟ್‌ಗಳಷ್ಟು ನಿಖರತೆಯಲ್ಲಿ ಮಾತ್ರ ಇಟ್ಟುಕೊಳ್ಳುತ್ತವೆ. ಅಂದರೆ 9007199254740992ನ್ನು ದಾಟಿದ ಮೇಲೆ ಬೆಸಸಂಖ್ಯೆಗಳಿಗೆ ಅವುಗಳಲ್ಲಿ ಜಾಗವಿಲ್ಲ. ನಿಮ್ಮ ಸಂಖ್ಯೆ ಆ ಗಡಿಯ ಆಚೆಗಿರುವುದರಿಂದ ಪಕ್ಕದ ಸಮಸಂಖ್ಯೆಗೆ ಜಾರಿದೆ.

ಏರಿಳಿತದ ಗುಟ್ಟು ಗುಣಾಕಾರದ ಬರವಣಿಗೆಯಲ್ಲೇ ಇದೆ. ಚೌಕುಳಿ ಪುಸ್ತಕದಲ್ಲಿ ಒಂಬತ್ತು ಒಂದುಗಳ ಒಂಬತ್ತು ಸಾಲುಗಳನ್ನು, ಪ್ರತಿ ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ ಬರೆದರೆ, ಬಲತುದಿಯ ಕಂಬಸಾಲಿನಲ್ಲಿ ಒಂದು 1, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಒಂಬತ್ತು, ಅಲ್ಲಿಂದಾಚೆ ಮತ್ತೆ ಎಂಟು, ಏಳು ಎಂದು ಇಳಿಯುತ್ತ ಹೋಗುತ್ತವೆ. ಯಾವ ಕಂಬಸಾಲಿನ ಮೊತ್ತವೂ 9ನ್ನು ಮೀರದ ಕಾರಣ ದಶಕ ತೆಗೆದುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಮೊತ್ತ 10 ಆಗಿ, ದಶಕ ಎಡಕ್ಕೆ ಹರಿದು, ಉತ್ತರ 1234567900987654321 ಆಗುತ್ತದೆ. ಎಡಭಾಗದ 8 ಕಾಣೆಯಾಗಿ ಸಮತೋಲ ಕೆಡುತ್ತದೆ. ಮಗಳಿಂದ ಇದನ್ನೂ ಕೈಯಲ್ಲೇ ಮಾಡಿಸಿ ನೋಡಿ, ಕಂಪ್ಯೂಟರಿನಲ್ಲಿ ಬೇಡ.

ಈ ಬಗೆಯ ಸಂಖ್ಯೆಗಳ ಮೇಲಿನ ಪ್ರೀತಿ ನಮ್ಮಲ್ಲಿ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಗುಣಲಬ್ಧಗಳನ್ನು ಕೊರಳಹಾರಗಳಂತೆ ಕಂಡಿದ್ದಾನೆ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ 12345654321 ಅಲ್ಲಿದೆ. ಅದು 111111ರ ವರ್ಗ. 27994681ನ್ನು 441ರಿಂದ ಗುಣಿಸಿದರೂ ಅದೇ ಬರುತ್ತದೆ.

ನಿಮ್ಮ ಸಂಖ್ಯೆ ಅವಿಭಾಜ್ಯವಂತೂ ಅಲ್ಲ. 111111111 ಎಂಬುದು 9, 37 ಮತ್ತು 333667ರ ಗುಣಲಬ್ಧವಾದ್ದರಿಂದ ಅದರ ವರ್ಗವು 81ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತವೂ 81 ಎಂದು ಹಿಗ್ಗಿ ಅದನ್ನೇ ನಿಯಮ ಮಾಡಿಕೊಳ್ಳಬಾರದು. ಮೊತ್ತದ ಪರೀಕ್ಷೆ 3 ಮತ್ತು 9ಕ್ಕೆ ಮಾತ್ರ ಸಲ್ಲುತ್ತದೆ.

ಇನ್ನು 11ರ ಮಾತು. ಅಂಕಿಗಳ ಎಣಿಕೆ ಸಮವಾಗಿದ್ದರೆ, ಉದಾಹರಣೆಗೆ 4774ರಲ್ಲಿ, ಒಂದೇ ಬಗೆಯ ಎರಡು ಅಂಕಿಗಳ ಪೈಕಿ ಒಂದು ಬೆಸ ಸ್ಥಾನದಲ್ಲಿ, ಇನ್ನೊಂದು ಸಮ ಸ್ಥಾನದಲ್ಲಿ ಕೂರುವುದರಿಂದ ಎರಡೂ ಕಡೆಯ ಮೊತ್ತಗಳು ಸರಿದೂಗಿ, ಸಂಖ್ಯೆ 11ರಿಂದ ಖಂಡಿತ ಭಾಗವಾಗುತ್ತದೆ. ಎಣಿಕೆ ಬೆಸವಾದರೆ ಆ ಖಾತರಿಯಿಲ್ಲ: 121 ಭಾಗವಾಗುತ್ತದೆ, 131 ಆಗುವುದಿಲ್ಲ. ನಿಮ್ಮ ಸಂಖ್ಯೆಯಲ್ಲಿ 17 ಅಂಕಿಗಳಿವೆ. ಬೆಸ ಸ್ಥಾನಗಳ ಮೊತ್ತ 41, ಸಮ ಸ್ಥಾನಗಳದು 40. ಹೀಗಾಗಿ 11ರಿಂದ ಭಾಗಿಸಿದರೆ 1 ಉಳಿಯುತ್ತದೆ.